ಪಾತಣ್ಣ ತಂದ ನೀರು

ಹತ್ತು ಮೀನಿನಲ್ಲಿ ಎಂಟು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಪಾತಣ್ಣ ಬಗ್ಗಿ ಇನ್ನೊಮ್ಮೆ ನೋಡಿದ. ಬೆಳಿಗ್ಗೆ ಹತ್ತಕ್ಕೆ ನೀರಿನ ಕ್ಯಾನು ಕೊಟ್ಟು, ಜೀಪಿಗೆ ಪಂಕ್ಚರ್ ಹಾಕಿಸಿ, ಹೊಟ್ಟೆ ತುಂಬ ಮಂಡಕ್ಕಿ ಮಿರ್ಚಿ ತಿಂದು, ಖಾಲಿ ಕ್ಯಾನು ಒಯ್ಯಲು ಒಂದೂವರೆಗೆ ಬಂದಿದ್ದ ಅಷ್ಟೆ. ಅಷ್ಟರೊಳಗೆ ಈ ಅನಾಹುತ!

ಚಳ್ಳಕೆರೆಯ ಆ ಪ್ರಯೋಗಾಲಯದ ಮೇಜಿನ ಮೇಲೆ ಎರಡು ಗಾಜಿನ ತೊಟ್ಟಿ. ಒಂದರಲ್ಲಿ ಬೋರ್‌ವೆಲ್ ನೀರು. ಅದರ ಹತ್ತೂ ಮೀನು ಮದುವೆ ಮನೆಯ ಮಕ್ಕಳ ಹಾಗೆ ಓಡಾಡಿಕೊಂಡಿದ್ದವು. ಇನ್ನೊಂದರಲ್ಲಿ ಮೊಳಕಾಲ್ಮೂರು ಕಡೆಯ ಗಣಿಯಿಂದ ಪಾತಣ್ಣ ತಂದ ನೀರು. ಅದರಲ್ಲಿ ಮೀನು ನಾಲ್ಕು ದಿನ ಬದುಕಿದರೆ ಗಣಿಯ ನೀರನ್ನು ಕೆರೆಗೆ ಬಿಡಬಹುದು. ಸತ್ತರೆ ಗಣಿಗೆ ಬೀಗ. ಬೀಗ ಬಿದ್ದರೆ ಡ್ರೈವರ್ ಪಾತಣ್ಣನೂ ಸೇರಿ ಅವನ ಊರಿನ ನಲವತ್ತು ಮನೆಯವರು ಕೈಕಟ್ಟಿ ಕೂರಬೇಕು.

"ಇಂಥಾ ನೀರು ನಾನು ನೋಡೇ ಇಲ್ಲ ಪಾತಣ್ಣ," ಎಂದಳು ನಾಜಿಯಾ, ಮೂಗು ಒರೆಸಿಕೊಳ್ಳುತ್ತ. ಗ್ಯಾರೇಜಿನ ಚಾಂದ್ ಪಾಷನ ಮಗಳು. ಲಂಗ ಹಾಕುವ ಕಾಲದಿಂದ ಪಾತಣ್ಣ ಕಂಡವಳು. ಇವತ್ತು ಬಿಳಿ ಕೋಟು ತೊಟ್ಟು, ಜೋರು ನೆಗಡಿ ಹಿಡಿಸಿಕೊಂಡು ಕೂತಿದ್ದಳು. "ಬರ್ಕೊಂಡೀನಿ. ನಿಮ್ಮ ಓನರ್‌ಗೆ ಈಗ್ಲೇ ಫೋನ್ ಮಾಡ್ತೀನಿ."

"ತಡಿ ತಾಯಿ, ತಡಿ!" ಪಾತಣ್ಣ ಫೋನಿಗೇ ಕೈ ಅಡ್ಡ ಹಿಡಿದ. "ಅದು ಗಣಿ ನೀರಲ್ಲ."

"ಮತ್ತೆ?"

"ದಾರೀಲಿ ಹಂಪ್ ಹಾರಿಸ್ದೆ. ಕ್ಯಾನ್ ಮಗುಚಿ ಎಲ್ಲಾ ಚೆಲ್ಲೋಯ್ತು. ವಾಪಸ್ ಹೋದ್ರೆ ಓನರ್ ಮುರುಗೇಂದ್ರಪ್ಪನೋರು ಬಿಡ್ತಾರಾ? ಅಲ್ಲೇ ಒಂದೂರಿನ ಮಿನಿ ಟ್ಯಾಂಕಿನಾಗೆ ಹಿಡ್ಕೊಂಡು ಬಂದೆ. ಜನ ಕುಡಿಯೋ ನೀರು, ಮೀನಿಗೇನು ಧಾಡಿ ಅಂದ್ಕೊಂಡೆ. ನಾನೂ ಒಂದು ಚೊಂಬು ಕುಡಿದೀನಿ. ಗಟ್ಟಿಮುಟ್ಟಾಗಿ ನಿಂತಿಲ್ವಾ?"

ನಾಜಿಯಾ ಆ ನೀರನ್ನು ಒಂದು ಲೋಟಕ್ಕೆ ತೆಗೆದು ಎರಡು ಹನಿ ಔಷಧಿ ಬಿಟ್ಟಳು. ನೀರು ಅರಿಶಿನ ಬಣ್ಣಕ್ಕೆ ತಿರುಗಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲಾ! ಊರಿಗೆ ನೀರು ಬಿಡೋ ನೀರುಗಂಟಿ ಆಗಷ್ಟೇ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದವ್ನೆ. ಈ ಹಾಳು ನೆಗಡೀಲಿ ನನಗೆ ವಾಸನೇನೇ ಬಡೀಲಿಲ್ಲ. ನೀವು ಒಂದು ಚೊಂಬು ಕುಡಿದು ಬಾಯಿ ಒರೆಸ್ಕೊಂಡ್ರಿ. ಮೀನು ಅದರಾಗೇ ಉಸಿರಾಡ್ಬೇಕಲ್ರಿ!"

ಬೈಗುಳ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಗಣಿಯನ್ನೇ ಮುಚ್ಚಿಸಲು ಹೊರಟಿತ್ತು. ಪಾತಣ್ಣ ನಾಚಿಕೆಯಿಂದ ಕುಗ್ಗಿಹೋದ. ಕೆಲಸ ಹೋದರೆ ಹೋಗಲಿ ಎಂದು ತಾನೇ ಫೋನು ಹಚ್ಚಿ ಮುರುಗೇಂದ್ರಪ್ಪನವರಿಗೆ ಎಲ್ಲವನ್ನೂ ಒದರಿಬಿಟ್ಟ. ಆ ಕಡೆಯಿಂದ ಬಂದ ಬೈಗುಳ ಎದುರಿನ ಅಂಗಡಿಗೂ ಕೇಳಿಸಿರಬೇಕು. ಕೊನೆಗೆ ಅವರೇ ಸುಸ್ತಾಗಿ, "ಒಪ್ಕೊಂಡ್ಯಲ್ಲ, ಬದುಕ್ದೆ ಹೋಗಲೇ. ಮೇಡಮ್ಮನ್ನೇ ಕರ್ಕೊಂಡು ಬಾ, ಅವರೇ ಹಿಡ್ಕೊಳ್ಲಿ," ಎಂದರು.

ಮರುದಿನ ನಾಜಿಯಾ ಗಣಿಗೆ ಹೋಗಿ, ತನ್ನ ಕೈಯಾರೆ ನೀರು ಹಿಡಿದು, ಕ್ಯಾನಿನ ಬಾಯಿಗೆ ಸೀಲು ಹಾಕಿ ತೊಡೆಯ ಮೇಲಿಟ್ಟುಕೊಂಡಳು. ಪಾತಣ್ಣ ಜೀಪು ಓಡಿಸಿದ ಚೆಂದವೋ, ತುಂಬು ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವನ ಹಾಗೆ. ಸೈಕಲ್ಲಿನವರೂ ಹಿಂದೆ ಹಾಕಿ ಹೋದರು.

ಆಮೇಲಿನ ದಿನಗಳಲ್ಲಿ ಅವನಿಗೆ ಚಳ್ಳಕೆರೆಯಲ್ಲಿ ದಿನಕ್ಕೊಂದು ಕೆಲಸ ಹುಟ್ಟಿಕೊಂಡಿತು. ಒಂದು ದಿನ ಗ್ರೀಸು, ಒಂದು ದಿನ ಬೋಲ್ಟು. ಬಂದವನು ನೇರ ತೊಟ್ಟಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು ಮೀನು ಎಣಿಸುವುದೇ ಕೆಲಸ. ನಾಲ್ಕನೆಯ ದಿನ ಮಧ್ಯಾಹ್ನ ಎಣಿಸಿದ, ಮತ್ತೆ ಎಣಿಸಿದ. ಹತ್ತಕ್ಕೆ ಹತ್ತು! ಖುಷಿಗೆ ಅವನ ಕಣ್ಣು ತುಂಬಿ ಬಂತು.

ನಾಜಿಯಾ ವರದಿಗೆ ಸಹಿ ಹಾಕಿ ತಲೆಯೆತ್ತಿದಳು. "ಗಣಿ ನೀರಿನಾಗೆ ಮೀನು ನಾಲ್ಕು ದಿನ ಬದುಕಿದ್ವು. ನಿಮ್ಮ ಸುಳ್ಳು ನಾಲ್ಕು ಗಂಟೆನೂ ಬದುಕ್ಲಿಲ್ಲ ನೋಡ್ರಿ ಪಾತಣ್ಣ."

ಪಾತಣ್ಣ ಖಾಲಿ ಕ್ಯಾನು ಹೆಗಲಿಗೇರಿಸಿಕೊಂಡ.

"ಏನ್ಮಾಡೋದು ತಾಯಿ, ಆ ಸುಳ್ಳಿಗೆ ನಮ್ಮ ನೀರು ಒಗ್ಗಲಿಲ್ಲ."