ಎರಡು ಬಣದ ಕಾಲು

ದ್ಯಾಮಣ್ಣನ ಯಂತ್ರದ ಕಾಲುಗಳು ಯಾರು ಬೇಕಾದರೂ ತಿದ್ದಬಹುದಾದ ಪುಕ್ಕಟೆ ಸಾಫ್ಟ್‌ವೇರಿನಿಂದ ನಡೆಯುತ್ತಿದ್ದವು. ಅದನ್ನು ಬರೆದವರು ಕಿತ್ತಾಡಿ ಎರಡು ಬಣವಾದಾಗ, ಯಾರಿಗೂ ಬೇಸರ ಬೇಡವೆಂದು ಎಡಗಾಲಿಗೆ ವೇಗದ ಬಣದ್ದನ್ನೂ ಬಲಗಾಲಿಗೆ ಜೋಪಾನದ ಬಣದ್ದನ್ನೂ ಹಾಕಿಕೊಂಡ.

ಈಗ ಮಿಲ್ಲಿನ ಗೇಟು ಮುಚ್ಚಲು ಎರಡೇ ನಿಮಿಷವಿತ್ತು. ಇವತ್ತೂ ತಡವಾದರೆ ಕೆಲಸ ಹೋಗುತ್ತಿತ್ತು. ನಡುರಸ್ತೆಯಲ್ಲಿ ಎಡಗಾಲು ಓಡುತ್ತಿತ್ತು, ಬಲಗಾಲು ಕದಲುತ್ತಿರಲಿಲ್ಲ. ಅವನು ಬುಗುರಿಯಂತೆ ಸುತ್ತುತ್ತಿದ್ದ. ಬಸ್ಸುಗಳು ದಿನದಂತೆ ಅವನನ್ನು ಬಳಸಿಕೊಂಡು ಹೋದವು.

ಸಾಫ್ಟ್‌ವೇರು ಬರೆದವರಿಗೇ ಫೋನು ಹಚ್ಚಿದ. "ಅಣ್ಣಾ, ನಾನೀಗ ಯಾವ ಕಡೆ ಹೋಗ್ಲಿ?"

"ಅದನ್ನೇ ಚರ್ಚೆ ಮಾಡ್ತಿದೀವಿ ಮಾರಾಯ. ನೀನೂ ಒಂದು ಅಭಿಪ್ರಾಯ ಬರಿ."

"ನಿಮ್ಮ ಚರ್ಚೆಗೆ ಬೆಂಕಿ ಬೀಳ!"

ಕಾಲುಗಳನ್ನು ಕಳಚಿ, ಟವೆಲಿನಿಂದ ಬೆನ್ನಿಗೆ ಬಿಗಿದು, ಕೈಯೂರಿ ತೆವಳುತ್ತಾ, ಮುಚ್ಚುತ್ತಿದ್ದ ಗೇಟಿನೊಳಗೆ ಬಿದ್ದ. ಬೆನ್ನ ಮೇಲೆ ಅವೆರಡೂ ಈಗ ಒಂದನ್ನೊಂದು ಒದೆಯುತ್ತಿದ್ದವು. ಏಟು ಮಾತ್ರ ಅವನಿಗೇ ಬೀಳುತ್ತಿತ್ತು.