ಸಿಟ್ಟಿನವರ ಚಾಪೆ

“ಸಿಟ್ಟಿನ ಹುಡುಗರನ್ನ ಸಿಟ್ಟಿನ ಹುಡುಗರ ಮಗ್ಗಲದಾಗ ಕೂಡಸ್ಬೇಕಂತ, ಅಬ್ಬಾಜಾನ್.”

ಕಲಬತ್ತಿನಲ್ಲಿ ಔಷಧ ಕುಟ್ಟುತ್ತಿದ್ದ ಹಕೀಮ ಇಸ್ಮಾಯಿಲ್‌ಸಾಬರ ಕೈ ಅಲ್ಲೇ ನಿಂತಿತು. ಮಸ್ಕಿಯ ಮಂದಿಗೆಲ್ಲ ನಾಡಿ ಹಿಡಿದು ಔಷಧ ಕೊಡುವವರಿಗೆ ಮಗಳು ಹಸೀನಾಬೀಯ ಈ ಮಾತು ತೀರಾ ತಲೆಕೆಳಗಾಗಿ ಕೇಳಿಸಿತು.

“ಉಷ್ಣಕ್ಕ ತಂಪು ಕೊಡ್ತಾರ, ಉಷ್ಣಕ್ಕ ಉಷ್ಣ ಕೊಡ್ತಾರೇನು? ಯಾರು ಹೇಳಿದ್ರು ಇದನ್ನ?”

“ಪಾರ್ವತೆಮ್ಮನವರು. ಜರ್ಮನಿಯಾಗ ವಾಲ್ಡಾರ್ಫ್ ಅಂತ ಒಂದು ಸಾಲಿ ಐತಂತ. ಅಲ್ಲಿ ಹುಡುಗರ ಸ್ವಭಾವ ನಾಕು ಥರ ಅಂತ ತಿಳಕೊಂಡು, ಒಂದೊಂದು ಥರದವರನ್ನ ಒಂದೊಂದು ಕಡೆ ಕೂಡಸ್ತಾರಂತ.”

“ನಾಕು?” ಹಕೀಮರ ಹುಬ್ಬು ಮೇಲೇರಿತು. “ಅದು ನಮ್ಮ ಯುನಾನಿ ವೈದ್ಯದ ಲೆಕ್ಕ! ಅವರಿಗೆ ಹೆಂಗ ಸಿಕ್ತು?”

“ನಾನೂ ಹಂಗ ಕೇಳಿದೆ. ಅವರು ಬರೇ ನಕ್ರು.”

ವಾರವೆಲ್ಲ ಅಪ್ಪನ ದವಾಖಾನೆಯಲ್ಲಿ ಗುಳಿಗೆ ಕಟ್ಟುವ ಹಸೀನಾಬೀ ಶುಕ್ರವಾರದ ಸೂಟಿಗೆ ಸೋದರತ್ತೆಯನ್ನು ಜೊತೆ ಮಾಡಿಕೊಂಡು ಮೋಟಾರು ಹತ್ತಿ ಲಿಂಗಸುಗೂರಿಗೆ ಹೋಗುತ್ತಿದ್ದಳು. ಗಂಡನ ಜೊತೆ ಕೆಲವು ವರ್ಷ ಜರ್ಮನಿಯಲ್ಲಿ ಇದ್ದು ಬಂದ ಪಾರ್ವತೆಮ್ಮ ಅಲ್ಲಿ ತಮ್ಮ ಪಡಸಾಲೆಯಲ್ಲೇ ನಾಲ್ಕೈದು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಸಣ್ಣ ಮಕ್ಕಳಿಗೆ ಕಲಿಸುವುದನ್ನು ಕಲಿಸುತ್ತಿದ್ದರು. ಇಲ್ಲಿ ಕೇಳಿದ್ದನ್ನು ಊರಿಗೆ ಹೋಗಿ ಮಾಡಿ ನೋಡಬೇಕು ಎಂಬುದು ಅವರ ಕಟ್ಟಪ್ಪಣೆ. ಹೀಗಾಗಿ ದವಾಖಾನೆಯ ಹಿತ್ತಲಿನಲ್ಲಿ ದಿನಾ ಸಂಜೆ ಓಣಿಯ ಮಕ್ಕಳು ನೆರೆಯುತ್ತಿದ್ದರು.

“ಹಂಗಾದ್ರ ಗಾಳೆವ್ವನ್ನೂ ಕರೀಮಾಬಿನ್ನೂ ಒಂದ ಚಾಪಿ ಮ್ಯಾಲ ಕೂಡಸ್ತೀ?” ಎಂದರು ಹಕೀಮರು. ಇಬ್ಬರೂ ಆ ಹಿತ್ತಲಿನ ಮಕ್ಕಳೇ, ಮಹಾ ಸಿಟ್ಟಿನವರು; ಗಾಳೆವ್ವ ಕಚ್ಚಿದ ಕರೀಮಾಬಿಯ ಮುಂಗೈಗೆ ಮೊನ್ನೆ ತಾನೇ ಅವರೇ ಮುಲಾಮು ಹಚ್ಚಿದ್ದರು.

“ಕೂಡಸ್ತೀನಿ.”

“ರಕ್ತ ಬಂದ್ರ?”

“ಬರಂಗಿಲ್ಲ!” ಹಸೀನಾಬೀಯ ದನಿ ಏರಿತು.

ಹಕೀಮರ ದನಿ ಅದಕ್ಕಿಂತ ಏರಿತು. “ಬಂದ್ರ ನಿನ್ನ ಲಿಂಗಸುಗೂರು ಬಂದ್. ತಿಳೀತೇನು?”

ಸಂಜೆ ಅವರು ಹಿತ್ತಲ ಬಾಗಿಲಲ್ಲಿ ಬಂದು ಕೂತೇಬಿಟ್ಟರು. ಹಸೀನಾಬೀ ಗಾಳೆವ್ವನನ್ನೂ ಕರೀಮಾಬಿಯನ್ನೂ ಒಂದೇ ಚಾಪೆಗೆ ಕೂಡಿಸಿ, ಮಕ್ಕಳಿಗೆ ಆನೆಯ ಕಥೆ ಹೇಳಿದಳು. ಹೇಳಿ ಮುಗಿಸಿ, ಒಂದೊಂದು ಚಾಪೆಗೆ ಒಂದೊಂದು ಮುದ್ದೆ ಎರೆಮಣ್ಣು ಕೊಟ್ಟು, ಇಬ್ಬಿಬ್ಬರು ಸೇರಿ ಒಂದು ಆನೆ ಮಾಡಬೇಕೆಂದಳು. ಮಾತು ಮುಗಿಯುವುದರೊಳಗೆ ಗಾಳೆವ್ವ ಮುದ್ದೆಗೆ ಕೈ ಹಾಕಿದಳು. ಕರೀಮಾಬಿಯೂ ಹಾಕಿದಳು.

“ಬಿಡಬೇ!”

“ನೀ ಬಿಡಬೇ!”

ಹಕೀಮರು ಎದ್ದು ನಿಂತರು. ಗದರಿಸಬೇಕೆಂದು ಹಸೀನಾಬೀಯ ನಾಲಿಗೆಯೂ ತುರಿಸಿತು. ಆದರೆ ಮುಂದೇನಾಗುತ್ತದೋ ನೋಡಿಯೇ ಬಿಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಅಪ್ಪನಿಗೆ ತಡೆಯಿರಿ ಎಂಬಂತೆ ಕೈ ಅಡ್ಡ ಹಿಡಿದಳು.

“ಕಣ್ಣು ಯಾಕ ಬಿಡ್ತಿ?” ಎಂದಳು ಕರೀಮಾಬಿ.

“ನೀ ಬಿಟ್ಟಿ, ಅದಕ್ಕ ಬಿಟ್ಟೆ.”

ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಎರಡು ಮುಖ. ಎರಡೂ ಕೆಂಪು, ಎರಡರ ಮೂಗಿನ ಹೊಳ್ಳೆಯೂ ಅರಳಿತ್ತು. ಕರೀಮಾಬಿ ಕಣ್ಣು ಪಿಳುಕಿಸಿದಳು.

“ಸಿಟ್ಟು ಬಂದ್ರ ನೀ ಹಿಂಗ ಕಾಣ್ತಿ ನೋಡು,” ಎಂದು ಹೊಳ್ಳೆ ಇನ್ನಷ್ಟು ಅರಳಿಸಿ ತೋರಿಸಿದಳು.

“ನೀನೂ ಹಂಗ ಕಾಣ್ತಿ!” ಎಂದ ಗಾಳೆವ್ವನಿಗೆ ನಗು ಒತ್ತರಿಸಿ ಬಂತು. ಅಷ್ಟರಲ್ಲಿ ಅವಳ ಕಣ್ಣು ಕೈಯ ಕಡೆ ಹೋಯಿತು. ಇಬ್ಬರೂ ಜಗ್ಗಿ ಜಗ್ಗಿ ಮಣ್ಣಿನ ಮುದ್ದೆ ನಡುವೆ ಉದ್ದಕ್ಕೆ ಎಳೆದುಕೊಂಡಿತ್ತು. “ಏ, ಸೊಂಡಿಲು ಆತು ನೋಡಬೇ!”

ಹಾಗಂತ ಅವರೇನು ಗೆಳತಿಯರಾಗಲಿಲ್ಲ. ಕಿವಿ ಎಲ್ಲಿ, ಬಾಲ ಎಷ್ಟುದ್ದ ಎಂದು ಆನೆ ಮುಗಿಯುವ ತನಕ ಕೂಗಾಡಿದರು. ಆದರೆ ಒಬ್ಬರ ಮೇಲೊಬ್ಬರು ಕೈ ಎತ್ತಲಿಲ್ಲ.

ಹಕೀಮರಿಗೆ ತಡೆಯಲಾಗಲಿಲ್ಲ. ಚಾಪೆಯ ಬಳಿ ಬಂದು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಗಾಳೆವ್ವನ ಮಣಿಕಟ್ಟು, ಇನ್ನೊಂದರಲ್ಲಿ ಕರೀಮಾಬಿಯ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

“ನಾಡಿ ಏನಂತಾವು?” ಹಸೀನಾಬೀ ಕೇಳಿದಳು.

ಹಕೀಮರು ಎರಡೂ ಮಣಿಕಟ್ಟು ಬಿಟ್ಟು ಮಣ್ಣಿನ ಆನೆಯನ್ನು ಎತ್ತಿಕೊಂಡರು. ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಅದನ್ನು ತಿರುಗಿಸಿ ನೋಡುತ್ತ ಅದೇ ಚಾಪೆಯ ಮೇಲೆ ಕೂತಿದ್ದರು.

“ಶುಕ್ರವಾರ ಹೋದಾಗ ಆ ತಾಯಿನ್ನ ಒಂದು ಮಾತು ಕೇಳ್ಕೊಂಡು ಬಾ,” ಎಂದರು ಕೊನೆಗೆ.

“ಏನಂತ?”

“ಇಂಥಾ ಸಿಟ್ಟಿನ ಮಗಳಿಗೆ ಅಲ್ಲಾ ನನ್ನಂಥ ಸಿಟ್ಟಿನ ಅಪ್ಪನ್ನ ಕೊಟ್ಟಾನಲ್ಲ, ಅದೂ ಇದಕ್ಕನ ಇರಬೇಕೇನು?”