ಸೌಡಮ್ಮನ ಹೆಸರಿನ ಎಳೆ

ಮಗ್ಗದ ಗುಂಡಿಯೊಳಗೆ, ತುಳಿಯುವ ಹಲಗೆಯ ಮೇಲೆ ಶಿವಗಾಮಿಯ ಬಲಗಾಲು ಸುಮ್ಮನೆ ಬಿದ್ದಿತ್ತು. ಲಕ್ವ ಹೊಡೆದು ಮೂರು ತಿಂಗಳು. ಕೈಗೆ ಬಲ ಮರಳಿತ್ತು, ಕಾಲಿಗೆ ಇಲ್ಲ. ಹೊಸ ಸೀರೆಯ ಮೊದಲ ಎಳೆಯನ್ನು ಕುಲದೇವಿ ಸೌಡಮ್ಮನ ಹೆಸರಿನಲ್ಲಿ ಮನೆಯ ಹಿರಿಯಳೇ ನೇಯಬೇಕು. ಅಲ್ಲಿಯವರೆಗೆ ಬೇರೆ ಯಾರೂ ಮಗ್ಗ ಮುಟ್ಟುವಂತಿಲ್ಲ. “ಬಲ ಕೊಡು ತಾಯೇ,” ಎಂದು ಗೋಡೆಯ ಪಟದ ಕಡೆಗೆ ಮೂರನೆಯ ಸಲ ಕೈಮುಗಿದಳು. ಹಲಗೆ ಅಲುಗಲಿಲ್ಲ.

ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟಿದ್ದ ಸೊಸೆ ಧರಣಿ ಬಾಗಿಲಲ್ಲೇ ನಿಂತಳು. ಊಟದ ಡಬ್ಬಿ ಕೆಳಗಿಟ್ಟು, “ಕೊಂಚ ಜರಗಿ ಅತ್ತೆ,” ಎಂದು ಪಕ್ಕದಲ್ಲಿ ಕೂತು ಗುಂಡಿಗೆ ಕಾಲಿಳಿಸಿದಳು.

“ಅಯ್ಯೋ, ನೀ ಮುಟ್ಟಬಾರ್ದು!”

“ನಾ ಎಲ್ಲಿ ಮಗ್ಗ ಮುಟ್ಟಿದೆ? ನಿಮ್ಮ ಕಾಲ್ ತಾನೆ ಮುಟ್ಟೋದು.” ಧರಣಿ ಬಗ್ಗಿ ಅತ್ತೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅದೇ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ಹಲಗೆ ಕೆಳಗಿಳಿಯಿತು, ಎಳೆಗಳು ಎರಡಾಗಿ ಬಾಯಿ ತೆರೆದವು.

ಶಿವಗಾಮಿ ಸೊಸೆಯ ಕಾಲನ್ನು ನೋಡಿದಳು, ಪಟವನ್ನು ನೋಡಿದಳು. ನಗು ತಡೆಯಲಾಗಲಿಲ್ಲ.

“ಯಾರ ಕಾಲಿಗೆ ಕೊಡು ಅಂತ ನಾ ಹೇಳ್ಲೇ ಇಲ್ಲವಲ್ಲ ತಾಯೇ,” ಎನ್ನುತ್ತ ಲಾಳಿ ಎಸೆದಳು.